ಖರಾಬು ಎಂಬ ಓದು: ಎರೆನೆಲದ ಬಯಲು, ಕೆರೆ ಮತ್ತು ನಮ್ಮ ಪರಿಸರ ವಿಮರ್ಶೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯ ಭಾಗ ಚರ್ಚೆಯದು.)

ಧ್ವನಿ ಕೇಳಸ್ತದ ಅಂತ ತಿಳಕೊಂಡು ಶುರು ಮಾಡ್ತೀನಿ. ಬೆಳಗಿನ ಗೋಷ್ಠಿಯಲ್ಲಿ ಕುವೆಂಪು, ಕಾರಂತ, ತೇಜಸ್ವಿ ಮೂವರ ಬಗ್ಗೆಯೂ ಒಳ್ಳೆಯ ಪ್ರಬಂಧಗಳು ಬಂದವು. ಮೂರರಲ್ಲೂ ಮಳೆ ಬೀಳ್ತಾನೇ ಇತ್ತು. ಇದನ್ನು ತಮಾಷೆಗೆ ಹೇಳ್ತಾ ಇಲ್ಲ. ಕನ್ನಡದಲ್ಲಿ 'ಪರಿಸರ ಸಾಹಿತ್ಯ' ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಜಿಗಣೆ, ಮಂಜು, ಏಲಕ್ಕಿ ಮಲೆ, ಮರದ ಮೇಲೆ ಮರ. ಆ ಸಾಹಿತ್ಯದ ಬಗ್ಗೆ ನನ್ನ ತಕರಾರಿಲ್ಲ. ಆ ಸಾಹಿತ್ಯದಿಂದ ವಿಮರ್ಶೆ ಕಲಿತ ಪಾಠದ ಬಗ್ಗೆ ತಕರಾರದ. ಕಾಡು ಅಂದರೆ ಮರ, ಮರ ಇಲ್ಲದ್ದು ಬರಡು ಅನ್ನುವ ಪಾಠ ಅದು. ಈ ಪಾಠ ಪುಸ್ತಕದೊಳಗೇ ಉಳಿದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಅದೇ ಓದು ಪಹಣಿಯಲ್ಲಿ, ಅರಣ್ಯ ಇಲಾಖೆಯ ನೆಡುತೋಪುಗಳಲ್ಲಿ, ಕಾನೂನಿನ ವ್ಯಾಖ್ಯೆಗಳಲ್ಲಿ ಕೂತಿದೆ. ಅದರಿಂದ ಯಾವ ಹಕ್ಕಿ ಹೋಯಿತು, ಯಾರ ಮೇವು ಹೋಯಿತು ಎನ್ನುವುದೂ ವಿಮರ್ಶೆಯ ಪ್ರಶ್ನೆ ಎಂದು ನಾನು ವಾದಿಸುತ್ತೇನೆ.

ಗುಂಜೋಟಿ ಎಲ್ಲಿ ಬರ್ತದ ಅಂತ ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಮಹಾರಾಷ್ಟ್ರದ ಉಮರ್ಗಾ ತಾಲೂಕು. ಜಿಲ್ಲೆ ಈಗ ಧಾರಾಶಿವ, 2023ರ ತನಕ ಉಸ್ಮಾನಾಬಾದ್. ಈ ಕಡೆ ಬಸವಕಲ್ಯಾಣ, ಆಳಂದ; ಆ ಕಡೆ ನಿಲಂಗಾ, ಉದಗೀರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಗಡಿಯನ್ನು ಗೋದಾವರಿಯವರೆಗೆ ಒಯ್ಯುತ್ತದೆ. ನಮ್ಮ ತೇರ್ಣಾ ಮಾಂಜ್ರಾಕ್ಕೆ, ಮಾಂಜ್ರಾ ಗೋದಾವರಿಗೆ ಸೇರ್ತದ. ಕವಿರಾಜಮಾರ್ಗದ ಲೆಕ್ಕದಲ್ಲಿ ನಾವು ಒಳಗಿನವರೇ. ಪಠ್ಯಕ್ರಮದ ಲೆಕ್ಕದಲ್ಲಿ ಏನೋ. ಊರಿನ ಹೆಸರು ಹೇಳಿದ್ದು ಹೆಮ್ಮೆಗಲ್ಲ. ಈ ಪ್ರಬಂಧ ನಿಂತಿರುವ ಶಬ್ದಗಳು, ಅಂದರೆ ಮಡ್ಡಿ, ಮಾಳ, ಪಡ, ಗಾಯರಾಣ, ಖರಾಬು, ಕನ್ನಡ ಮರಾಠಿ ಎರಡೂ ಬಾಯಿಗಳಲ್ಲಿ ಓಡಾಡುವ ಶಬ್ದಗಳು. ಇವು ಗಡಿಯಲ್ಲಿ ನಿಂತು ಕೇಳಿದರೆ ಸ್ವಲ್ಪ ಸ್ಪಷ್ಟವಾಗಿ ಕೇಳಸ್ತಾವ.

ಮೊದಲು ಹಳೆಯ ಕಾವ್ಯಮೀಮಾಂಸೆ. ನಮ್ಮ ಚಂಪೂ ಕವಿಗಳು ಒಪ್ಪಿಕೊಂಡ ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ನಗರ ಇದೆ, ಸಮುದ್ರ ಇದೆ, ಪರ್ವತ, ಋತು, ಉದ್ಯಾನ, ಜಲಕ್ರೀಡೆ ಎಲ್ಲಾ ಇದೆ. ಸಮುದ್ರವನ್ನೇ ಕಾಣದ ಕವಿ ಸಮುದ್ರವನ್ನು ವರ್ಣಿಸಬೇಕಿತ್ತು. ಹುಲ್ಲಿನ ಬಯಲು ಮಾತ್ರ ಪಟ್ಟಿಯಲ್ಲಿಲ್ಲ. ದಖ್ಖನಿನ ಅರ್ಧ ನೆಲ ಅದೇ ಆಗಿದ್ದಾಗಲೂ ಇಲ್ಲ. ಬಯಲು ಬಂದರೆ ಅದು ಸೈನ್ಯ ದಾಟುವ ಜಾಗ, ಇಲ್ಲವೇ ಬೇಟೆಯ ಜಾಗ. ಇದಕ್ಕೆ ಪಕ್ಕದಲ್ಲಿ ತಮಿಳಿನ ತಿಣೆಗಳನ್ನು ಇಟ್ಟು ನೋಡ್ರಿ. ಅಲ್ಲಿ ದನ ಕಾಯುವವರ ನೆಲಕ್ಕೆ 'ಮುಲ್ಲೈ' ಎಂಬ ತನ್ನದೇ ಹೆಸರು, ತನ್ನದೇ ಭಾವ ಇದೆ. ಅದಕ್ಕಿಂತ ಮುಖ್ಯವಾದದ್ದು 'ಪಾಲೈ'. ಶಿಲಪ್ಪದಿಕಾರದ ಪ್ರಕಾರ ಪಾಲೈ ಎನ್ನುವುದು ಬೇರೆ ನೆಲವೇ ಅಲ್ಲ. ಕುರಿಂಜಿ, ಮುಲ್ಲೈಗಳೇ ಬೇಸಿಗೆಯಲ್ಲಿ ಒಣಗಿ ಪಾಲೈ ಆಗುತ್ತವೆ. ಬರಡುತನ ಅಲ್ಲಿ ನೆಲದ ಜಾತಿ ಅಲ್ಲ, ಕಾಲದ ಒಂದು ಸ್ಥಿತಿ. ಹುಲ್ಲುಗಾವಲಿನ ಪರಿಸರಶಾಸ್ತ್ರ ಹೇಳುವುದೂ ಇದನ್ನೇ. ಏಪ್ರಿಲ್‌ನಲ್ಲಿ ಸತ್ತಂತೆ ಕಾಣುವ ಮಡ್ಡಿಯ ಜೀವ ಬೇರಿನಲ್ಲಿ, ಬೀಜದಲ್ಲಿ ಕೂತಿರ್ತದ. ಮಿರಗದ ಎರಡು ಮಳೆ ಬಿದ್ದರೆ ಎದ್ದು ನಿಲ್ತದ. ಬೇಸಿಗೆಯಲ್ಲಿ ಬಂದು ನೋಡಿದವನು 'ಏನೂ ಇಲ್ಲ' ಎಂದು ಬರೆದು ಹೋಗುತ್ತಾನೆ.

'ಮಡ್ಡಿ' ಎನ್ನುವ ಶಬ್ದವನ್ನೇ ತಗೋರಿ. ನಮ್ಮ ಕಡೆ ಅದು ಕಲ್ಲು ಗರಸಿನ ಎತ್ತರದ ನೆಲ, ಹುಲ್ಲು ಬೆಳೆಯುವಂಥದು. ಮರಾಠಿಯ 'ಮಾಳ' ಹೆಚ್ಚುಕಡಿಮೆ ಅದೇ. ಬೇರೆ ಕಡೆ ಹೋದರೆ ಮಡ್ಡಿ ಎಂದರೆ ಪೆದ್ದ. ನೆಲದ ಬೈಗುಳ ಮನುಷ್ಯನಿಗೆ ಬಂತೋ ಮನುಷ್ಯನದು ನೆಲಕ್ಕೆ ಹೋಯಿತೋ, ಅದನ್ನು ಭಾಷಾವಿಜ್ಞಾನದ ಗೆಳೆಯರಿಗೆ ಬಿಡ್ತೀನಿ.

ಆಧುನಿಕ ಸಾಹಿತ್ಯಕ್ಕೆ ಬಂದರೆ, 'ಬೆಟ್ಟದ ಜೀವ' (1943) ಮತ್ತು 'ಕರ್ವಾಲೊ' (1980) ಎರಡರ ನಡುವೆ ಒಂದು ದೊಡ್ಡ ಬದಲಾವಣೆ ಆಗಿದೆ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಹಿರಿಮೆಯ ಮನುಷ್ಯ. ಕರ್ವಾಲೊ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ವಿಜ್ಞಾನಿ. ಬದಲಾವಣೆ ನಿಜ. ಆದರೆ ಎರಡರಲ್ಲೂ ಅರ್ಥ ಇರುವುದು ಮರಗಳ ಆಚೆ, ದಾಟಿ ಹೋಗಬೇಕಾದ ಒಳಗಿನಲ್ಲಿ. ರಹಸ್ಯ ಅಂದರೆ ದಟ್ಟ. ಈ ಕಲ್ಪನೆ ಎಷ್ಟು ಬೇರೂರಿದೆ ಎಂದರೆ, ಮಲೆನಾಡಿನ ನೆಲ ಕಾದಂಬರಿಯಲ್ಲಿ ಬಂದರೆ ನಾವು ಅದನ್ನು 'ಪರಿಸರ ಪ್ರಜ್ಞೆ' ಅಂತೀವಿ. ಕಲಬುರಗಿ, ರಾಯಚೂರಿನ ನೆಲ ಬಂದರೆ 'ಪ್ರಾದೇಶಿಕತೆ', 'ಬರ', 'ಬಡತನ' ಅಂತೀವಿ. ಗೀತಾ ನಾಗಭೂಷಣರ 'ಬದುಕು' ಕಾದಂಬರಿಯನ್ನು ಜಾತಿ, ಹೆಣ್ಣು, ಭಾಷೆ ಈ ಮೂರು ದಾರಿಯಲ್ಲಿ ಓದಿದ್ದೇವೆ, ಓದಬೇಕಾದದ್ದೇ. ಅದರ ನೆಲವನ್ನು ನೆಲವಾಗಿ ಓದಿದ ಒಂದು ಪ್ರಬಂಧವೂ ನಮ್ಮ ವಿಭಾಗದ ಸೆಮಿನಾರ್‌ಗಳಲ್ಲಿ ನಾನು ಕೇಳಿಲ್ಲ.

'ಕರ್ವಾಲೊ'ದಿಂದ ನಾನು ಉಳಿಸಿಕೊಳ್ಳಲು ಬಯಸುವುದು ಮಂದಣ್ಣನನ್ನು. ಓತಿಯನ್ನು ನಿಜವಾಗಿ ಕಂಡವನು ಅವನು. ವಿಜ್ಞಾನಿ ಅವನ ಕಣ್ಣನ್ನು ನಂಬುತ್ತಾನೆ. ಎರೆನೆಲದ ಮಂದಣ್ಣ ಯಾರು? ಕುರಿ ಕಾಯುವವನು. ಅವನನ್ನು ನಂಬಿದ ಕರ್ವಾಲೊ ಸಿಕ್ಕಿದ್ದು ಕಡಿಮೆ.

ಈಗ ಸಾಹಿತ್ಯವಲ್ಲದ ಒಂದು ಪಠ್ಯ. ಮುಂದಿನ ಸ್ಲೈಡ್. ಇದು ಪಹಣಿ. ವಿಸ್ತೀರ್ಣದ ಕಾಲಮ್ಮಿನಲ್ಲಿ ಒಟ್ಟು ಎಕರೆ ಗುಂಟೆ, ಅದರ ಕೆಳಗೆ ಫೂಟ್ ಖರಾಬ್ 'ಅ', ಫೂಟ್ ಖರಾಬ್ 'ಬ'. ಗಡಿಯ ಆಚೆ ಸಾತ್‌ಬಾರಾ ಉತಾರಿಯಲ್ಲೂ ಇದೇ, ಪೋಟ್‌ಖರಾಬ್. 'ಅ' ಎಂದರೆ ಸಾಗುವಳಿಗೆ ಬಾರದ್ದು, ಕಲ್ಲು ಮಡ್ಡಿ ಇತ್ಯಾದಿ. 'ಬ' ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು: ದಾರಿ, ಹಳ್ಳ, ಕೆರೆ, ಸ್ಮಶಾನ. ಕಂದಾಯದ ದೃಷ್ಟಿಯಲ್ಲಿ ಇದು ತಪ್ಪಲ್ಲ. ತೆರಿಗೆ ಹಾಕಲು ಆಗದ ನೆಲವನ್ನು ಬೇರೆ ತೆಗೆಯಬೇಕಿತ್ತು. ಆದರೆ ಶಬ್ದ ನೋಡ್ರಿ. ಖರಾಬು. ಹುಲ್ಲು ಬೆಳೆಯುವ ನೆಲ, ನೀರು ನಿಲ್ಲುವ ನೆಲ, ಅಂದರೆ ಹುಲ್ಲುಗಾವಲು ಮತ್ತು ಜೌಗು ಎರಡೂ ಒಂದೇ ಬೈಗುಳದ ಕೆಳಗೆ. ಕಂದಾಯದವರು 'ತೆರಿಗೆಗೆ ಖರಾಬು' ಎಂದದ್ದನ್ನು ಆಮೇಲೆ ಬಂದವರು ಬರೀ 'ಖರಾಬು' ಎಂದು ಓದಿಕೊಂಡರು. ಕೇಂದ್ರ ಸರ್ಕಾರದ ಬಂಜರುಭೂಮಿ ಅಟ್ಲಾಸ್, 2019ರ ಆವೃತ್ತಿಯೂ ಸೇರಿ, ಕುರುಚಲು ನೆಲ, ಸೊರಗಿದ ಗೋಮಾಳ ಇಂಥವನ್ನೆಲ್ಲ ಬಂಜರಿನ ವರ್ಗಗಳಲ್ಲೇ ಇಡುತ್ತದೆ. ಬಂಜರು ಎಂದ ಮೇಲೆ ಅದನ್ನು 'ಅಭಿವೃದ್ಧಿ' ಮಾಡಬೇಕಲ್ಲ? ಸಸಿ ನೆಡುವುದು, ಇಲ್ಲವೇ ಸೋಲಾರ್, ಇಲ್ಲವೇ ಕೈಗಾರಿಕಾ ವಸಾಹತು. ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ 2022ರಲ್ಲಿ ಪ್ರಕಟಿಸಿದ ನಕಾಶೆಯ ಪ್ರಕಾರ ದೇಶದ ಒಣಪ್ರದೇಶದ ಇಂಥ ಸಹಜ ಬಯಲುಗಳು ಸುಮಾರು ಶೇ. 10ರಷ್ಟು ನೆಲ, ಅದರಲ್ಲಿ ಸಂರಕ್ಷಿತ ಪ್ರದೇಶದೊಳಗೆ ಇರುವುದು ಶೇ. 5ಕ್ಕಿಂತ ಕಡಿಮೆ.

ಈ ಓದಿಗೆ ತೆತ್ತ ಬೆಲೆ ಒಂದು ಹಕ್ಕಿಯಲ್ಲಿ ಕಾಣಸ್ತದ. ಕನ್ನಡದಲ್ಲಿ ಎರೆಭೂತ, ಎರ್ಲಡ್ಡು, ದೊರವಾಯನ ಹಕ್ಕಿ, ಮರಾಠಿಯಲ್ಲಿ ಮಾಳಢೋಕ್. ಕನ್ನಡ ಅದನ್ನು ಮಣ್ಣಿನಿಂದ ಗುರುತಿಸಿತು, ಎರೆ. ಮರಾಠಿ ನೆಲದ ಏರಿನಿಂದ ಗುರುತಿಸಿತು, ಮಾಳ. ಎರಡೂ ಭಾಷೆಗೆ ಗೊತ್ತಿತ್ತು: ಈ ಹಕ್ಕಿಯನ್ನು ಅದರ ನೆಲದಿಂದ ಬಿಡಿಸಿ ಹೆಸರಿಡಲು ಆಗುವುದಿಲ್ಲ. 'ಭೂತ' ಯಾಕೆ ಎನ್ನುವುದಕ್ಕೆ ನನ್ನ ಓದು ಇಷ್ಟು: ಗಂಡು ಹಕ್ಕಿ ಹತ್ತು ಹದಿನೈದು ಕಿಲೋ ತೂಗುವಂಥದು, ಸುಮಾರು ಒಂದು ಮೀಟರ್ ಎತ್ತರ, ಬಿಳಿ ಕುತ್ತಿಗೆ ಎತ್ತಿ ಕಪ್ಪು ಹೊಲದಲ್ಲಿ ನಿಂತರೆ ಮನುಷ್ಯನೋ ಏನೋ ಅನ್ನಿಸಬೇಕು, ಹತ್ತಿರ ಹೋದರೆ ಇರುವುದಿಲ್ಲ. ದಟ್ಟವಿಲ್ಲದ ಜಾಗದಲ್ಲೂ ರಹಸ್ಯ ಇರ್ತದ ಎಂದು ಒಕ್ಕಲಿಗರು ಒಂದೇ ಶಬ್ದದಲ್ಲಿ ಹೇಳಿಟ್ಟಿದ್ದಾರೆ. ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ. ಸುತ್ತಲೂ ದೂರದವರೆಗೆ ಕಾಣುತ್ತಿರಬೇಕು, ಅದೇ ಅದರ ರಕ್ಷಣೆ. ಅಲ್ಲಿ ಮರ ನೆಟ್ಟರೆ ಹಕ್ಕಿಗೆ ಕಣ್ಣು ಕಟ್ಟಿದ ಹಾಗೆ. ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ವಿದ್ಯುತ್ ಲೈನಿಗೆ ಬಡಿದು ಸಾಯುವುದು ಬೇರೆ.

ರಾಣೆಬೆನ್ನೂರಿನಲ್ಲಿ ಏನಾಯಿತು? ಕೃಷ್ಣಮೃಗಕ್ಕೆಂದು 1974ರಲ್ಲಿ 119 ಚದರ ಕಿ.ಮೀ. ವನ್ಯಧಾಮ ಘೋಷಣೆ ಆಯಿತು. ಎರೆಭೂತಕ್ಕೂ ಆ ಬಯಲು ಹೆಸರಾಗಿತ್ತು. ಆದರೆ ಅದರ ಬಹುಭಾಗದಲ್ಲಿ ನೀಲಗಿರಿ ನೆಟ್ಟಾಗಿತ್ತು. ಕಾಗದದ ಮೇಲೆ ಹಸಿರು ಹೆಚ್ಚಿತು. ಹಕ್ಕಿ ಅಲ್ಲಿಂದ ಇಲ್ಲವಾಯಿತು. ಕರ್ನಾಟಕದಲ್ಲಿ ಈಗ ಅದರ ಮಾತು ಬರುವುದು ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಮಾತ್ರ, ಅದೂ ಬೆರಳೆಣಿಕೆ. ಇಡೀ ಜಗತ್ತಿನಲ್ಲೇ ನೂರೈವತ್ತರ ಆಸುಪಾಸು ಎನ್ನುತ್ತಾರೆ. ಸಲೀಂ ಅಲಿ ಇದನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಕೇಳಿದ್ದರು. 1963ರಲ್ಲಿ ನವಿಲು ಆಯಿತು. ನವಿಲಿಗೆ ಕಾವ್ಯದಲ್ಲಿ ಜಾಗ ಮೊದಲೇ ಇತ್ತು.

ನಮ್ಮಿಂದ ಪಶ್ಚಿಮಕ್ಕೆ, ಸೋಲಾಪುರದ ಬಳಿಯ ನಾನ್ನಜ್‌ದು ಇನ್ನೊಂದು ಬಗೆಯ ಕತೆ. 1979ರಲ್ಲಿ ಮಾಳಢೋಕ್ ವನ್ಯಧಾಮ ಎಂದು 8,496 ಚದರ ಕಿ.ಮೀ. ಗೆರೆ ಎಳೆದರು. ಅದರೊಳಗೆ ಊರು, ಹೊಲ, ಖಾಸಗಿ ಜಮೀನು ಎಲ್ಲಾ ಬಂತು. ಹೊಲ ಮಾರಲು, ಕಟ್ಟಲು, ಪ್ರತಿಯೊಂದಕ್ಕೂ ತಡೆ. ಹಕ್ಕಿ ಇದ್ದರೆ ಜಮೀನು ಸಿಕ್ಕಿಬೀಳ್ತದ ಎಂಬ ತಿಳಿವಳಿಕೆ ರೈತರಲ್ಲಿ ಬಂದ ಮೇಲೆ ಹಕ್ಕಿಯ ಗೆಳೆಯರು ಎಷ್ಟು ಉಳಿದಾರು? ಕೊನೆಗೆ ಅದನ್ನು 1,222 ಚದರ ಕಿ.ಮೀ.ಗೆ ಇಳಿಸಿದರು. ಈಚೆಗೆ ಅಲ್ಲಿ ಒಂದೋ ಎರಡೋ ಹಕ್ಕಿ ಕಂಡರೆ ಅದೇ ಸುದ್ದಿ. ರಾಣೆಬೆನ್ನೂರು ಬಯಲನ್ನು ಖಾಲಿ ಎಂದು ಓದಿ ಮರ ತುಂಬಿತು. ನಾನ್ನಜ್ ಬಯಲನ್ನು ಹಕ್ಕಿಯ ನೆಲ ಎಂದು ಸರಿಯಾಗಿಯೇ ಓದಿತು, ಆದರೆ ಅಲ್ಲಿ ಜನ ಇಲ್ಲವೆಂಬಂತೆ ಗೆರೆ ಎಳೆಯಿತು.

ಕೆರೆಯ ವಿಷಯ ಸ್ವಲ್ಪ ಬೇರೆ. ಇಲ್ಲಿ ಎರಡು ವ್ಯಾಖ್ಯೆಗಳನ್ನು ಪಠ್ಯಗಳ ಹಾಗೆ ಎದುರುಬದುರು ಇಡ್ತೀನಿ. 1971ರ ರಾಮ್ಸಾರ್ ಒಪ್ಪಂದ ಜೌಗು ಪ್ರದೇಶದೊಳಗೆ ಸಹಜವಾದದ್ದನ್ನೂ ಕೃತಕವಾದದ್ದನ್ನೂ, ಕಾಯಂ ನೀರನ್ನೂ ತಾತ್ಕಾಲಿಕ ನೀರನ್ನೂ ಸೇರಿಸುತ್ತದೆ. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಎಂದು ಮನುಷ್ಯ ಕಟ್ಟಿದ ಕೆರೆಕಟ್ಟೆಗಳನ್ನು ಹೊರಗಿಡುತ್ತವೆ. ದಖ್ಖನಿನಲ್ಲಿ ಮನುಷ್ಯ ಕಟ್ಟದ ಕೆರೆ ಯಾವುದದ ಹೇಳ್ರಿ? ಕಾಕತಾಳೀಯ ಎಂದರೆ, 2024ರ ಜನವರಿಯಲ್ಲಿ ಕರ್ನಾಟಕದಿಂದ ರಾಮ್ಸಾರ್ ಪಟ್ಟಿಗೆ ಸೇರಿದ ಮೂರು ತಾಣಗಳಲ್ಲಿ ಎರಡು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ, ನೀರಾವರಿಗೆಂದು ಕಟ್ಟಿದ ಕೆರೆಗಳೇ. ಮೂರನೆಯದು ಅಘನಾಶಿನಿ ಅಳಿವೆ. ಮಾಗಡಿ ಕೆರೆ ಐವತ್ತು ಹೆಕ್ಟೇರಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಅಲ್ಲಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ನೀರಿನಲ್ಲಿ ತಂಗಿ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಹಾಗಾಗಿ ಆ ಹಕ್ಕಿಯ ಜೌಗು ಕೆರೆಯ ಏರಿಯ ಹತ್ತಿರ ಮುಗಿಯುವುದಿಲ್ಲ, ಹೊಲದ ಬದುವಿನಲ್ಲೂ ಇದೆ. ಈ ವಾಸ್ತವಕ್ಕೆ ಹೊಂದುವ ಶಬ್ದ ಕಾನೂನಿನಲ್ಲಿಲ್ಲ. 'ಕೆರೆಬಯಲು' ಎಂಬ ಶಬ್ದ ಕನ್ನಡದಲ್ಲಿ ಎಂದಿನಿಂದಲೋ ಇದೆ.

ಉತ್ತರ ಭಾರತದ ಭರತಪುರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಆಗುವುದಿಲ್ಲ. 1982ರಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ದನ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ನಡೆದು ಜನ ಸತ್ತರು. ಅದೇ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅಲ್ಲಿ ದೀರ್ಘ ಅಧ್ಯಯನ ನಡೆಸುತ್ತಿದ್ದರು. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಮ್ ಎಂಬ ಹುಲ್ಲು ನೀರಿನ ತುಂಬ ಹಬ್ಬಿ, ಹಕ್ಕಿಗಳಿಗೇ ಜಾಗ ಇಲ್ಲದಾಯಿತು ಎಂದು ಅವರು ಕಂಡುಕೊಂಡರು. ನಿಷೇಧವನ್ನು ಬೆಂಬಲಿಸಿದ್ದ ಸಂಸ್ಥೆಯದೇ ಅಧ್ಯಯನ ಎನ್ನುವುದು ಅದರ ತೂಕ. ಎಮ್ಮೆಯೂ ಆ ಜೌಗಿನ ಒಂದು ಅಂಗ ಆಗಿತ್ತು. ಪಠ್ಯದಿಂದ ಒಂದು ಪಾತ್ರವನ್ನು ತೆಗೆದರೆ ಉಳಿದದ್ದು ಹಾಗೇ ನಿಲ್ಲುವುದಿಲ್ಲ ಅಂತ ನಾವು ಇಲ್ಲಿ ಕೂತು ಪದೇ ಪದೇ ಹೇಳ್ತೀವಿ. ಅಲ್ಲಿ ಅದು ಜೀವಗಳ ಬೆಲೆಗೆ ಗೊತ್ತಾಯಿತು.

ಇಷ್ಟು ಹೇಳಿ 'ಹುಲ್ಲುಗಾವಲು ಉಳಿಸಿ' ಎಂದು ಮುಗಿಸಿಬಿಡಬಹುದಿತ್ತು. ಮರಾಠವಾಡಾದಲ್ಲಿ ನಿಂತು ಹಾಗೆ ಮುಗಿಸಲು ಬರುವುದಿಲ್ಲ. ಇಲ್ಲಿ ಊರ ಹುಲ್ಲುಗಾವಲಿಗೆ ಗಾಯರಾಣ ಅಂತಾರ. ಭೂಮಿ ಇಲ್ಲದ ದಲಿತ ಕುಟುಂಬಗಳು ಬಿತ್ತಿಕೊಂಡು ಉಂಡದ್ದು ಬಹಳ ಕಡೆ ಆ ನೆಲದಲ್ಲೇ. ದಾದಾಸಾಹೇಬ ಗಾಯಕವಾಡರ ನೇತೃತ್ವದಲ್ಲಿ 1959ರಲ್ಲಿ, ಮತ್ತೆ 1964ರಲ್ಲಿ ಭೂಹೀನರ ಸತ್ಯಾಗ್ರಹ ನಡೆದದ್ದು ಇಂಥ ನೆಲಕ್ಕಾಗಿ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಲು ಹೇಳಿತು. ಭೂಹೀನರಿಗೆ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ನೆಲಕ್ಕೆ ವಿನಾಯಿತಿಯ ಮಾತನ್ನೂ ಸೇರಿಸಿತು. ಆದರೂ ಕಾಗದ ಇಲ್ಲದವನಿಗೆ 'ಗಾಯರಾಣ ಉಳಿಸಿ' ಎನ್ನುವ ವಾಕ್ಯ ನೋಟಿಸಿನ ಹಾಗೆ ಕೇಳಸ್ತದ.

ಹಾಗಾಗಿ 'ಚೋಮನ ದುಡಿ'ಯನ್ನು (1933) ಈ ಪ್ರಬಂಧದೊಳಗೆ ತರಲೇಬೇಕು. ಅದು ಕರಾವಳಿಯ ಕಾದಂಬರಿ ಎಂದು ಗೊತ್ತಿದೆ. ಆದರೆ ಎತ್ತುಗಳಿದ್ದೂ ಹೊಲವಿಲ್ಲದ ಚೋಮನ ಕಣ್ಣಿಗೆ ಬೀಳು ನೆಲ ಹೇಗೆ ಕಾಣ್ತದ? ಅವನಿಗೆ ಅದು ಖರಾಬಲ್ಲ, ಹಕ್ಕಿಯ ಆವಾಸವೂ ಅಲ್ಲ. ಒಂದು ತುಂಡು ಗೇಣಿಗೆ ಸಿಕ್ಕರೆ ಮನುಷ್ಯನಾಗಿ ನಿಲ್ಲಬಹುದು ಎಂಬ ಆಸೆ. ಪರಿಸರ ವಿಮರ್ಶೆ ಚೋಮನನ್ನು ಬಿಟ್ಟು ಎರೆಭೂತವನ್ನು ಮಾತ್ರ ಓದಿದರೆ ನಾನ್ನಜ್‌ನ ನಕಾಶೆಯಂಥ ಓದು ಆಗ್ತದ. ದಲಿತ ವಿಮರ್ಶೆ ಭೂಮಿಯನ್ನು ಎಕರೆಯಲ್ಲಿ ಮಾತ್ರ ಎಣಿಸಿದರೆ, ಅದೇ ಗಾಯರಾಣದಲ್ಲಿ ಎರಡು ಆಡು ಮೇಯಿಸಿ ಬದುಕುವ ಒಂಟಿ ಹೆಂಗಸಿನ ಲೆಕ್ಕ ತಪ್ತದ. ಇವೆರಡನ್ನು ಒಟ್ಟಿಗೆ ಹಿಡಿದ ಕಾದಂಬರಿ ನಮ್ಮಲ್ಲಿ ಇನ್ನೂ ಬಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಹೆಸರು ಹೇಳಿದರೆ ಸಂತೋಷದಿಂದ ಓದ್ತೀನಿ.

ಚರ್ಚೆ

ಅಧ್ಯಾಪಕರೊಬ್ಬರು ಕೇಳಿದರು: ಪಹಣಿ, ನಿಯಮ, ನಕಾಶೆ ಇವನ್ನೆಲ್ಲ ಓದುವುದು ಸಮಾಜಶಾಸ್ತ್ರದವರ ಕೆಲಸ ಅಲ್ಲವೇ, ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಏನು ಕೆಲಸ?

ಸರ್, ಶಾಸನಗಳನ್ನು ನಾವು ಕನ್ನಡ ಎಂ.ಎ.ಯಲ್ಲೇ ಓದ್ತೀವಲ್ಲ. ದಾನ ಕೊಟ್ಟ ಹೊಲದ ಚಕ್ಕುಬಂದಿ, ಕೆರೆ, ತೂಬು, ಎಲ್ಲೆಕಲ್ಲು ಇವೇ ಅವುಗಳಲ್ಲಿ ತುಂಬಿರುತ್ತವೆ. ಸಾವಿರ ವರ್ಷದ ಹಿಂದಿನ ಭೂದಾಖಲೆ ಸಾಹಿತ್ಯ ವಿಭಾಗಕ್ಕೆ ಬರ್ತದ, ಮೊನ್ನೆಯ ಪಹಣಿ ಬರೋದಿಲ್ಲ ಅಂದರೆ ಅದು ವಯಸ್ಸಿನ ಪ್ರಶ್ನೆ ಆಯಿತು. 'ಖರಾಬು' ಎಂಬ ಶಬ್ದಕ್ಕೆ ಅರ್ಥ ಹೇಗೆ ಜಾರಿತು ಎಂದು ಕೇಳುವ ಸಾಧನ ನಮ್ಮ ಕೈಯಲ್ಲೇ ಇದೆ.

ಸಹಪಾಠಿಯೊಬ್ಬರು ಕೇಳಿದ್ದು: ಜಿಂಕೆ ಬೆಳೆ ತಿಂತಾವ, ತೋಳ ಕುರಿ ಒಯ್ತಾವ. ರೈತರಿಗೆ ಇದು ಕಾವ್ಯ ಅಲ್ಲ. ಅವರಿಗೆ ಏನು ಹೇಳ್ತೀರಿ?

ಬೆಳೆ ಹೋದವರಿಗೆ ನಾನು ಏನೂ ಹೇಳೋದಿಲ್ಲ, ಕೇಳ್ತೀನಿ. ನಷ್ಟ ಆದರೆ ಪರಿಹಾರ ಹೊತ್ತಿಗೆ ಬರಬೇಕು, ಪೂರಾ ಬರಬೇಕು, ಅದು ಮೊದಲು. ಆಮೇಲಿನ ಮಾತು ಏನಂದರೆ, ಮಡ್ಡಿ ಉಳಿದಿದ್ದ ಕಾಲದಲ್ಲಿ ಜಿಂಕೆಗೆ ಹೊಲ ಬಿಟ್ಟು ಬೇರೆ ಮೇವಿತ್ತು. ಮಡ್ಡಿ ಒಡೆದು ಸೋಯಾ ಬಿತ್ತಿದ ಮೇಲೆ ಹೊಲವೇ ಅದರ ಹುಲ್ಲುಗಾವಲು ಆಯಿತು. ತೋಳಕ್ಕಾಗಿ ಕೊಪ್ಪಳದ ಬಂಕಾಪುರದಲ್ಲಿ ವನ್ಯಧಾಮ ಮಾಡಿದ್ದಾರೆ, ಒಳ್ಳೆಯದು. ಆದರೆ ತೋಳ ಬೇಲಿಯೊಳಗಿನ ಪ್ರಾಣಿ ಅಲ್ಲ, ಕುರಿ ಹಿಂಡಿನ ಹಿಂದೆ ನಡೆಯುವ ಪ್ರಾಣಿ. ಕುರಿ ಕಾಯುವವರ ಹತ್ತಿರ ತೋಳದ ಬಗ್ಗೆ ಸಿಟ್ಟೂ ಅದ, ಮಾತೂ ಅದ. ಗಡಿಯ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಧನಗರರ ಮಾತು, ದಖನಿ ಉರ್ದು ನಾಲ್ಕರಲ್ಲೂ ಹುಲ್ಲಿಗೆ, ಹಕ್ಕಿಗೆ, ನೆಲಕ್ಕೆ ಇರುವ ಹೆಸರುಗಳನ್ನು ಬರೆದುಕೊಳ್ಳುವ ಕೆಲಸ ಶುರು ಮಾಡಿದ್ದೇನೆ. ಈಗ ಹುಲ್ಲಿನ ಹೆಸರುಗಳಲ್ಲೇ ಸಿಕ್ಕಿಕೊಂಡಿದ್ದೇನೆ. ಒಂದೇ ಹುಲ್ಲಿಗೆ ಎಳೆಯದಿದ್ದಾಗ ಒಂದು ಹೆಸರು, ತೆನೆ ಬಂದಾಗ ಇನ್ನೊಂದು, ಒಣಗಿ ಬಣವಿಗೆ ಹೋದಾಗ ಮತ್ತೊಂದು. ಯಾರಾದರೂ ಬೀದರ, ಆಳಂದ ಕಡೆಯವರು ಇದ್ದರೆ ದಯವಿಟ್ಟು ಮ್ಯೂಟ್ ತೆಗೆದು ಹೇಳ್ರಿ, ನಿಮ್ಮಲ್ಲಿ ಏನಂತಾರ.